ಊರಿನ ಹೆಸರು ಒಡೆದುದೇಕೆ?

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ಹೆಸರುಗಳನ್ನು ಒಂದರ ಕೆಳಗೊಂದರಂತೆ ಬರೆದು ನೋಡಿದರೆ ಅವುಗಳೊಳಗಿನ ಒಂದು ಭೇದವು ಕಣ್ಣಿಗೆ ಬೀಳದಿರುವುದಿಲ್ಲ. ಪುತ್ತೂರಿನಲ್ಲಿ ತಕಾರಕ್ಕೆ ತಕಾರದ ಒತ್ತಿದೆ. ಸುಳ್ಯದಲ್ಲಿ ಳಕಾರಕ್ಕೆ ಯಕಾರದ ಒತ್ತಿದೆ. ಕಡಬದಲ್ಲಿ ಒತ್ತೂ ಇಲ್ಲ, ಕೊಂಬೂ ಇಲ್ಲ, ಮೂರು ಬರಿಯ ಅಕ್ಷರಗಳು ಸಾಲಾಗಿ ನಿಂತಿವೆ. ಕಾಗುಣಿತ ಕಲಿಸುವ ಉಪಾಧ್ಯಾಯರಿಗಲ್ಲದೆ ಮತ್ತಾರಿಗೂ ಈ ಭೇದದಿಂದ ಪ್ರಯೋಜನವಿಲ್ಲವೆಂದು ನಾವೂ ತಿಳಿದಿದ್ದೆವು. ಒಂದು ಮಳೆಗಾಲದ ಮಧ್ಯಾಹ್ನ ಸುಳ್ಯದ ಕಡೆಯ ಶಾಲೆಯೊಂದರಲ್ಲಿ ಗಣಕಯಂತ್ರದ ಮುಂದೆ ನಿಂತಾಗ ಆ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು.

ನಡೆದುದಿಷ್ಟು. ನಮ್ಮ ವಿದ್ಯಾರ್ಥಿಗಳು ಮಳೆಮಾಪಕದ ಅಳತೆಗಳನ್ನು ಚಿತ್ರರೂಪದಲ್ಲಿ ತೋರಿಸುವ ಒಂದು ಪ್ರೋಗ್ರಾಮನ್ನು ಬರೆದಿದ್ದರು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಮಕ್ಕಳಿಗೆ ಅಳೆಯಲು ಇದಕ್ಕಿಂತ ಸುಲಭವಾದ ವಸ್ತು ಇನ್ನೊಂದಿರಲಾರದು. ಮೂರು ತಾಲೂಕುಗಳಿಗೆ ಮೂರು ಕಂಬಗಳು; ಪ್ರತಿಯೊಂದು ಕಂಬದ ಬುಡದಲ್ಲಿ ಊರಿನ ಹೆಸರು, ಕನ್ನಡದಲ್ಲಿ. ಪುತ್ತೂರಿನ ನಮ್ಮ ಪ್ರಯೋಗಶಾಲೆಯ ಗಣಕಗಳು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಡೆಯುತ್ತವೆ. ಅಲ್ಲಿ ಎಲ್ಲವೂ ಸರಿಯಾಗಿತ್ತು. ಅದೇ ಪ್ರೋಗ್ರಾಮನ್ನು ಒಂದಕ್ಷರವನ್ನೂ ಬದಲಿಸದೆ ಸುಳ್ಯಕ್ಕೊಯ್ದು ವಿಂಡೋಸ್ ವ್ಯವಸ್ಥೆಯುಳ್ಳ ಯಂತ್ರದಲ್ಲಿ ನಡೆಸಿದಾಗ ಕಂಬಗಳೇನೋ ಸರಿಯಾಗಿಯೇ ಎದ್ದುವು. ಹೆಸರುಗಳು ಮಾತ್ರ ‘ಪುತ್‌ತೂರು’, ‘ಸುಳ್‌ಯ’ ಎಂಬಂತೆ ಒಡೆದು ನಿಂತುವು. ಕಡಬವೊಂದು ಕಡಬವಾಗಿಯೇ ಉಳಿದಿತ್ತು.

ಮಕ್ಕಳು ನಕ್ಕರು, ತಮ್ಮ ಊರಿನ ಹೆಸರು ಹರಿದು ಬಿದ್ದುದನ್ನು ಕಂಡು ನಗದಿರುವವರು ಯಾರು? ಪ್ರೋಗ್ರಾಮನ್ನು ಬರೆದ ಹುಡುಗನು ಮೆಲ್ಲನೆ, “ಇಂಗ್ಲಿಷಿನಲ್ಲೇ ಹಾಕುವ ಸರ್, ಕನ್ನಡ ಇದರಲ್ಲಿ ಸರಿ ಬರುವುದಿಲ್ಲ” ಎಂದನು. ನಮಗೆ ನಗೆಗಿಂತಲೂ ಈ ಮಾತೇ ಹೆಚ್ಚು ನಾಟಿತು. ಏಕೆಂದರೆ ಅದು ನಿಜವಾಗಿರಲಿಲ್ಲ. ಅದೇ ಯಂತ್ರದಲ್ಲಿ ಆ ಶಾಲೆಯ ಅಧ್ಯಾಪಕರು ಬೆಳಿಗ್ಗೆಯಷ್ಟೇ ಬರೆದ ಕನ್ನಡದ ಪತ್ರವೊಂದಿತ್ತು. ಅದನ್ನು ತೆರೆದು ನೋಡಿದರೆ ‘ಸುಳ್ಯ’ವು ಒತ್ತಿನೊಡನೆ ಸುಂದರವಾಗಿ ಕುಳಿತಿತ್ತು. ಯಂತ್ರವೂ ಅದೇ, ಅಕ್ಷರಗಳೂ ಅವೇ. ಒಂದು ಕಡೆ ಕೂಡಿದ್ದ ಅಕ್ಷರವು ಇನ್ನೊಂದು ಕಡೆ ಒಡೆದುದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಕಾಣಬೇಕಾದರೆ ಪ್ರೋಗ್ರಾಮು ಎಂಬುದರ ವಿಷಯದಲ್ಲಿ ನಮಗೆ ಸಾಮಾನ್ಯವಾಗಿರುವ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ನಾವು ಬರೆದ ಪ್ರೋಗ್ರಾಮು ನಮ್ಮದೇ, ಅದು ನಾವು ಬರೆದಲ್ಲಿಗೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಹತ್ತು ಸಾಲಿನ ಪ್ರೋಗ್ರಾಮಿನಲ್ಲಿಯೂ ನಮ್ಮದು ಹತ್ತು ಸಾಲಾದರೆ, ಇತರರು ಬರೆದುದು ಸಾವಿರಾರು ಸಾಲು. ತೆರೆಯ ಮೇಲೆ ಅಂಕೆಯನ್ನು ಮೂಡಿಸುವುದು, ಕೋನದ ಸೈನ್ ಬೆಲೆಯನ್ನು ಕಂಡುಹಿಡಿಯುವುದು, ಅಕ್ಷರವನ್ನು ಬರೆಯುವುದು, ಇವೆಲ್ಲ ಯಾರೋ ಎಂದೋ ಬರೆದಿಟ್ಟ ತುಂಡುಗಳು. ಇಂಥ ತುಂಡುಗಳ ಸಂಗ್ರಹಕ್ಕೆ ಲೈಬ್ರರಿಯೆಂದು ಹೆಸರು.

ಈ ಹೆಸರು ಬರಿಯ ಅಲಂಕಾರವಲ್ಲ. 1949ರ ಮೇ 6ರಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್ಸಾಕ್ ಎಂಬ ಗಣಕವು ಮೊದಲ ಬಾರಿಗೆ ಲೆಕ್ಕ ಮಾಡಿತು. ಅದಕ್ಕೆ ಆಜ್ಞೆಗಳನ್ನು ಕೊಡುತ್ತಿದ್ದುದು ತೂತು ಹೊಡೆದ ಕಾಗದದ ಪಟ್ಟಿಗಳ ಮೂಲಕ. ವರ್ಗಮೂಲ, ಸೈನ್ ಮುಂತಾದ ಪದೇ ಪದೇ ಬೇಕಾಗುವ ಲೆಕ್ಕಗಳ ಪಟ್ಟಿಗಳನ್ನು ಒಂದು ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ಬೇಕಾದವರು ಅಲ್ಲಿಂದ ತೆಗೆದು ತಮ್ಮ ಪಟ್ಟಿಯಲ್ಲಿ ಅದರ ಪ್ರತಿಯನ್ನು ಸೇರಿಸಿಕೊಳ್ಳುತ್ತಿದ್ದರು. ಮೊದಲಿನ ಲೈಬ್ರರಿಯು ನಿಜವಾಗಿಯೂ ಒಂದು ಬೀರುವಾಗಿತ್ತು! ಆದರೆ ಒಂದು ತೊಡಕಿತ್ತು. ತುಂಡನ್ನು ಬರೆದವನಿಗೆ ಅದು ಯಂತ್ರದ ಸ್ಮರಣೆಯಲ್ಲಿ ಎಲ್ಲಿ ಹೋಗಿ ಕೂರುವುದೆಂದು ತಿಳಿಯದು. ಕೂತ ಜಾಗಕ್ಕೆ ತಕ್ಕಂತೆ ಅದರೊಳಗಿನ ವಿಳಾಸಗಳನ್ನು ತಿದ್ದಬೇಕು. ಈ ತಿದ್ದುವಿಕೆಯನ್ನು ಯಂತ್ರವೇ ಮಾಡಿಕೊಳ್ಳುವ ಉಪಾಯವನ್ನು ಡೇವಿಡ್ ವೀಲರ್ ಎಂಬ ತರುಣನು ರಚಿಸಿದನು. ಅವನೂ, ಮಾರಿಸ್ ವಿಲ್ಕ್ಸ್ ಮತ್ತು ಸ್ಟಾನ್ಲಿ ಗಿಲ್ ಎಂಬವರೂ ಕೂಡಿ 1951ರಲ್ಲಿ ಈ ವಿದ್ಯೆಯನ್ನು ಕುರಿತು ಪುಸ್ತಕವನ್ನೇ ಬರೆದರು. ಹೀಗೆ ತುಂಡುಗಳನ್ನು ಕೂಡಿಸಿ ವಿಳಾಸಗಳನ್ನು ಹೊಂದಿಸುವ ಕೆಲಸಕ್ಕೆ ಈಗ ಲಿಂಕಿಂಗ್ ಎನ್ನುತ್ತಾರೆ; ಅದನ್ನು ಮಾಡುವ ಪ್ರೋಗ್ರಾಮಿಗೆ ಲಿಂಕರ್ ಎಂದು ಹೆಸರು.

ನಮ್ಮ ತರಗತಿಯಲ್ಲಿ ಲಿಂಕರಿನ ಮೊದಲ ಪರಿಚಯವಾಗುವುದು ಹೆಚ್ಚಾಗಿ ಜಗಳದಿಂದಲೇ. ಗಾಜಿನ ಫಲಕದ ವಕ್ರೀಭವನಾಂಕವನ್ನು ಲೆಕ್ಕ ಮಾಡಲು ವಿದ್ಯಾರ್ಥಿಯೊಬ್ಬನು ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಾನೆ. ಪತನಕೋನದ ಸೈನನ್ನು ವಕ್ರೀಭವನ ಕೋನದ ಸೈನಿನಿಂದ ಭಾಗಿಸಬೇಕು, ಅಷ್ಟೆ. ಮೇಲ್ತುದಿಯಲ್ಲಿ ‘ಮ್ಯಾತ್.ಎಚ್’ ಎಂಬ ಫೈಲನ್ನು ಸೇರಿಸಿಯೂ ಇರುತ್ತಾನೆ. ಕಂಪೈಲರ್ ಸುಮ್ಮನಿರುತ್ತದೆ, ಕೊನೆಯಲ್ಲಿ ಲಿಂಕರ್ ಮಾತ್ರ ‘ಸೈನ್ ಎಂಬುದು ಎಲ್ಲಿಯೂ ಸಿಗಲಿಲ್ಲ’ ಎಂಬ ಅರ್ಥದ ಮಾತನ್ನಾಡಿ ನಿಂತುಬಿಡುತ್ತದೆ. “ಸೇರಿಸಿದ್ದೇನಲ್ಲ ಸರ್!” ಎಂದು ಅವನ ಆಕ್ಷೇಪ.

ನಮ್ಮ ಸೀಮೆಯಲ್ಲಿ ಇದನ್ನು ವಿವರಿಸಲು ತಾಳಮದ್ದಳೆಗಿಂತ ಒಳ್ಳೆಯ ಉದಾಹರಣೆ ಬೇಡ. ಆಮಂತ್ರಣ ಪತ್ರಿಕೆಯಲ್ಲಿ ಭಾಗವತರ ಹೆಸರು ಅಚ್ಚಾಗಿದ್ದರೆ ಭಾಗವತಿಕೆ ಯಾರದೆಂದು ತಿಳಿಯಿತೇ ಹೊರತು ಭಾಗವತರು ಬಂದಂತಾಗಲಿಲ್ಲ. ‘ಮ್ಯಾತ್.ಎಚ್’ ಎಂಬುದು ಆಮಂತ್ರಣ ಪತ್ರಿಕೆ. ಸೈನ್ ಎಂಬುದೊಂದಿದೆ, ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟರೆ ಒಂದು ಸಂಖ್ಯೆಯನ್ನು ಹಿಂತಿರುಗಿಸುತ್ತದೆ ಎಂದು ಅದು ಸಾರುತ್ತದೆ. ಲೆಕ್ಕ ಮಾಡುವ ನಿಜವಾದ ತುಂಡು ಗಣಿತದ ಲೈಬ್ರರಿಯಲ್ಲಿದೆ. ಅದನ್ನು ಕರೆತರಲು ಲಿನಕ್ಸಿನಲ್ಲಿ ಆಜ್ಞೆಯ ಕೊನೆಗೆ ‘-ಎಲ್ಎಂ’ ಎಂದು ಬರೆಯಬೇಕು. ಕೊನೆಗೆ ಎಂದುದನ್ನು ಗಮನಿಸಬೇಕು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತ, ಆವರೆಗೆ ಯಾವುದು ಬೇಕಾಗಿದೆಯೋ ಅದನ್ನು ಮಾತ್ರ ಲೈಬ್ರರಿಯಿಂದ ಎತ್ತಿಕೊಳ್ಳುತ್ತದೆ. ಉಬುಂಟುವಿನಂಥ ಲಿನಕ್ಸಿನಲ್ಲಿ ಲೈಬ್ರರಿಯ ಹೆಸರನ್ನು ಮೊದಲು ಬರೆದರೆ, ಇನ್ನೂ ಏನೂ ಬೇಕಾಗಿಲ್ಲವೆಂದು ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಮುಂದೆ ಹೋಗಿ ಇಲ್ಲವೆಂದು ದೂರುತ್ತದೆ. ಇನ್ನೂ ಒಂದು ತಮಾಷೆಯಿದೆ. ಸೈನ್ 0.5 ಎಂದು ನೇರವಾಗಿ ಅಂಕೆಯನ್ನೇ ಬರೆದಿದ್ದರೆ ಕಂಪೈಲರ್ ಅದರ ಬೆಲೆಯನ್ನು ತಾನೇ ಲೆಕ್ಕ ಹಾಕಿ ಇಟ್ಟುಬಿಡುವುದರಿಂದ ಲೈಬ್ರರಿಯ ಪ್ರಸಕ್ತಿಯೇ ಬರುವುದಿಲ್ಲ. ನಿನ್ನೆ ನಡೆದುದು ಇಂದೇಕೆ ನಡೆಯದೆಂದು ಗೊಂದಲಗೊಂಡ ಹಲವರನ್ನು ನಾವು ಕಂಡಿದ್ದೇವೆ.

ಅದೇ ಫೈಲನ್ನು ಮ್ಯಾಕ್ ಯಂತ್ರದಲ್ಲಿ ಕಂಪೈಲ್ ಮಾಡಿದರೆ ‘-ಎಲ್ಎಂ’ ಇಲ್ಲದೆಯೇ ಆಗುತ್ತದೆ. ಅಲ್ಲಿ ಗಣಿತದ ತುಂಡುಗಳು ಮುಖ್ಯ ವ್ಯವಸ್ಥೆಯ ಲೈಬ್ರರಿಯೊಳಗೇ ಅಡಕವಾಗಿವೆ. ವಿಂಡೋಸಿನ ವಿಷುಯಲ್ ಸಿ ಕಂಪೈಲರಿನಲ್ಲಿಯೂ ಬೇಡ; ಸಿ ಭಾಷೆಯ ಸಾಮಾನ್ಯ ಲೈಬ್ರರಿಯಲ್ಲೇ ಗಣಿತವೂ ಸೇರಿದೆ. ಲಿನಕ್ಸು ಮಾತ್ರ ಯುನಿಕ್ಸಿನ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿದೆ. 2021ರಲ್ಲಿ ಅದರ ಮುಖ್ಯ ಸಿ ಲೈಬ್ರರಿಗೆ ಬೇರೆ ಕೆಲವು ಸಣ್ಣ ಲೈಬ್ರರಿಗಳನ್ನು ಸೇರಿಸಿದರೂ ಗಣಿತವನ್ನು ಬೇರೆಯಾಗಿಯೇ ಬಿಟ್ಟರು. ಆದುದರಿಂದ ಮ್ಯಾಕ್ ಇರುವ ಮನೆಯಲ್ಲಿ ಸರಿಯಾಗಿದ್ದ ಪ್ರೋಗ್ರಾಮು ಕಾಲೇಜಿಗೆ ಬಂದು ಕೆಟ್ಟರೆ ವಿದ್ಯಾರ್ಥಿಯು ತನ್ನ ಭೌತಶಾಸ್ತ್ರವನ್ನು ಅನುಮಾನಿಸಬೇಕಾಗಿಲ್ಲ.

ಭಾಗವತರು ಬರುವ ಬಗೆಯೂ ಎರಡುಂಟು. ಬಯಲಾಟಕ್ಕೆ ಹೊರಟ ಮೇಳವು ಹಿಮ್ಮೇಳ, ವೇಷದ ಪೆಟ್ಟಿಗೆ, ದೀಪ, ಎಲ್ಲವನ್ನೂ ತನ್ನೊಡನೆಯೇ ಒಯ್ಯುತ್ತದೆ. ಊರಿನಲ್ಲಿ ಗದ್ದೆಯೊಂದಿದ್ದರೆ ಸಾಕು. ಲೈಬ್ರರಿಯ ತುಂಡನ್ನು ಪ್ರತಿಮಾಡಿ ಪ್ರೋಗ್ರಾಮಿನೊಳಗೇ ಸೇರಿಸಿಬಿಡುವ ಸ್ಥಿರ ಜೋಡಣೆಯು ಈ ಬಗೆಯದು. ಮನೆಯ ಚಾವಡಿಯ ತಾಳಮದ್ದಳೆಗೆ ಅರ್ಥಧಾರಿಯೊಬ್ಬನೇ ಬಸ್ಸಿನಲ್ಲಿ ಬರಬಹುದು. ಚೆಂಡೆ ಮದ್ದಳೆಗಳು ಆ ಊರಿನವು. ಪ್ರೋಗ್ರಾಮಿನಲ್ಲಿ ಲೈಬ್ರರಿಯ ಹೆಸರನ್ನು ಮಾತ್ರ ಬರೆದಿಟ್ಟು, ನಡೆಯುವ ಹೊತ್ತಿಗೆ ಯಂತ್ರದಲ್ಲಿರುವ ಲೈಬ್ರರಿಯನ್ನು ಸೇರಿಸಿಕೊಳ್ಳುವುದು ಚಲ ಜೋಡಣೆ. ಇದರಿಂದ ಸ್ಥಳ ಉಳಿಯುತ್ತದೆ. ಒಂದೇ ಲೈಬ್ರರಿಯನ್ನು ನೂರು ಪ್ರೋಗ್ರಾಮುಗಳು ಹಂಚಿಕೊಳ್ಳಬಹುದು. ಅದರಲ್ಲಿ ದೋಷ ಕಂಡುಬಂದರೆ ಒಂದೆಡೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತೆ. ತೊಂದರೆಯೇನೆಂದರೆ ಮದ್ದಳೆಗಾರನು ಬರಲಿಲ್ಲವೆಂಬುದು ಪ್ರಸಂಗ ಆರಂಭವಾಗುವ ಹೊತ್ತಿಗೇ ಗೊತ್ತಾಗುತ್ತದೆ.

ಹೀಗೆ ನಡೆಯುವ ಹೊತ್ತಿನಲ್ಲಿ ಲೈಬ್ರರಿಯನ್ನು ಹುಡುಕುವ ಕ್ರಮ ಮೂರು ವ್ಯವಸ್ಥೆಗಳಲ್ಲಿ ಮೂರು ತೆರ. ಲಿನಕ್ಸಿನಲ್ಲಿ ಚಲ ಲೈಬ್ರರಿಯ ಹೆಸರು ‘.ಎಸ್ಓ’ ಎಂದು ಮುಗಿಯುತ್ತದೆ. ಅವುಗಳಿಗೆಂದೇ ಗೊತ್ತುಮಾಡಿದ ಫೋಲ್ಡರುಗಳೂ, ಯಾವುದು ಎಲ್ಲಿದೆಯೆಂಬ ಸಿದ್ಧವಾದ ಪಟ್ಟಿಯೂ ಇರುತ್ತವೆ. ವಿಂಡೋಸಿನಲ್ಲಿ ಅದು ‘.ಡಿಎಲ್ಎಲ್’, ಮೊದಲು ಪ್ರೋಗ್ರಾಮು ಇರುವ ಫೋಲ್ಡರಿನಲ್ಲಿ, ಬಳಿಕ ವ್ಯವಸ್ಥೆಯ ಫೋಲ್ಡರಿನಲ್ಲಿ, ಕೊನೆಗೆ ‘ಪಾತ್’ ಎಂಬ ಪಟ್ಟಿಯಲ್ಲಿ ಹೇಳಿರುವ ಸ್ಥಳಗಳಲ್ಲಿ ಹುಡುಕಾಟ ನಡೆಯುತ್ತದೆ. ಮ್ಯಾಕ್‌ನಲ್ಲಿ ‘.ಡೈಲಿಬ್’, ತಾನು ಎಲ್ಲಿರಬೇಕೆಂಬ ವಿಳಾಸವನ್ನು ಲೈಬ್ರರಿಯೇ ತನ್ನೊಳಗೆ ಬರೆದುಕೊಂಡಿರುತ್ತದೆ, ಕಂಪೈಲ್ ಮಾಡುವಾಗ ಪ್ರೋಗ್ರಾಮು ಅದನ್ನು ಗುರುತು ಹಾಕಿಕೊಳ್ಳುತ್ತದೆ. ಫೈಲುಗಳ ಒಳರಚನೆಯೂ ಬೇರೆ ಬೇರೆ. ಲಿನಕ್ಸಿನದು ಎಲ್ಫ್, ವಿಂಡೋಸಿನದು ಪಿಇ, ಮ್ಯಾಕ್‌ನದು ಮಾಕ್-ಓ. ಒಂದರ ಲೈಬ್ರರಿಯನ್ನು ಇನ್ನೊಂದಕ್ಕೆ ಒಯ್ದು ಸೇರಿಸುವಂತಿಲ್ಲ. ವಿಂಡೋಸಿನಲ್ಲಿ ‘.ಲಿಬ್’ ಎಂಬ ಹೆಸರು ಒಮ್ಮೆ ಸ್ಥಿರ ಲೈಬ್ರರಿಯನ್ನೂ, ಇನ್ನೊಮ್ಮೆ ಡಿಎಲ್ಎಲ್ಲಿನ ಬಾಗಿಲುಗಳ ಬರಿಯ ಪಟ್ಟಿಯನ್ನೂ ಸೂಚಿಸುತ್ತದೆ. ಎರಡು ವಸ್ತುಗಳಿಗೆ ಒಂದೇ ಹೆಸರನ್ನಿಟ್ಟವರು ಹೊಸಬರ ಮೇಲೆ ಕನಿಕರ ತೋರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನು ಒಡೆದ ಹೆಸರಿನ ಸಂಗತಿ. ಗಣಕದೊಳಗೆ ‘ಸುಳ್ಯ’ ಎಂಬ ಪದವು ಎರಡು ಅಕ್ಷರಗಳಾಗಿ ಇಲ್ಲ. ಐದು ಸಂಖ್ಯೆಗಳಾಗಿ ಇದೆ. ಯೂನಿಕೋಡ್ ಎಂಬ ಜಗತ್ತಿನ ಲಿಪಿಗಳ ಸಾಮಾನ್ಯ ಸಂಕೇತಕ್ರಮದಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಸಕಾರ 3256, ಕೊಂಬು 3265, ಳಕಾರ 3251, ಹಲಂತದ ಗುರುತು 3277, ಯಕಾರ 3247. ಯಕಾರದ ಒತ್ತಿಗೆ ಬೇರೆ ಸಂಖ್ಯೆಯೇ ಇಲ್ಲ. ಹಲಂತದ ಗುರುತಿನ ಮುಂದೆ ಯಕಾರ ಬಂದರೆ ಅದನ್ನು ಒತ್ತಾಗಿ ಮಾಡಿ ಹಿಂದಿನ ಅಕ್ಷರಕ್ಕೆ ಕೂಡಿಸಬೇಕೆಂಬುದು ನಿಯಮ. ಕೂಡಿಸುವ ಕೆಲಸ ಚಿತ್ರ ಬರೆಯುವವನದು. ಇದೇ ರೀತಿ ‘ಪುತ್ತೂರು’ ಎಂಟು ಸಂಖ್ಯೆಗಳು. ‘ಕಡಬ’ವಾದರೋ ಮೂರೇ ಸಂಖ್ಯೆಗಳು, ಮೂರೇ ಅಕ್ಷರಗಳು, ಕೂಡಿಸಬೇಕಾದುದು ಏನೂ ಇಲ್ಲ. ಕೂಡಿಸುವವನು ಗೈರುಹಾಜರಾದರೂ ಕಡಬಕ್ಕೆ ಊನವಾಗದಿದ್ದುದು ಇದರಿಂದಲೇ.

ಹಿಂದೆ ಹೀಗಿರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಚ್ಚುಗಳಲ್ಲಿ ಒತ್ತುಗಳೂ ಗುಣಿತದ ತುಂಡುಗಳೂ ಬೇರೆ ಬೇರೆ ಮೊಳೆಗಳಾಗಿಯೇ ಇದ್ದುವು. ಕೀಲಿ ಒತ್ತುವಾಗಲೇ ತಂತ್ರಾಂಶವು ಅವನ್ನು ಹೊಂದಿಸಿ ಇಡುತ್ತಿತ್ತು. ಆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಪುತ್ತೂರು ಸೀಮೆಯ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟುದು ನಮ್ಮ ಕಡೆಯವರಿಗೆ ಇಂದಿಗೂ ಹೆಮ್ಮೆಯ ವಿಷಯ. ಯೂನಿಕೋಡ್ ಬಂದ ಬಳಿಕ ಕೂಡಿಸುವ ಕೆಲಸವು ಬರೆಯುವ ಗಳಿಗೆಯಿಂದ ತೋರಿಸುವ ಗಳಿಗೆಗೆ ಜರುಗಿತು. ಹುಡುಕುವುದಕ್ಕೂ ಅಕಾರಾದಿಯಾಗಿ ಜೋಡಿಸುವುದಕ್ಕೂ ಇದರಿಂದ ಅನುಕೂಲವೇ ಆಯಿತು. ಆದರೆ ಅಕ್ಷರವನ್ನು ತೋರಿಸುವ ಪ್ರತಿಯೊಂದು ಪ್ರೋಗ್ರಾಮೂ ಕೂಡಿಸಬಲ್ಲ ಲೈಬ್ರರಿಯೊಂದನ್ನು ಆಶ್ರಯಿಸಬೇಕಾಯಿತು. ವಿಂಡೋಸಿನಲ್ಲಿ ಯೂನಿಸ್ಕ್ರೈಬ್ ಎಂಬ ಲೈಬ್ರರಿ ಇದನ್ನು ಮಾಡುತ್ತ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಚ್ಚೂ ಜತೆಗೆ ಬಂದಿತು. ಮ್ಯಾಕ್‌ನಲ್ಲಿ ಕೋರ್ ಟೆಕ್ಸ್ಟ್. ಲಿನಕ್ಸ್, ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವುಗಳಲ್ಲಿ ಹಾರ್ಫ್‌ಬಜ್. ಈ ಕೊನೆಯ ಹೆಸರು ಪಾರಸಿಯದು. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಸುಳ್ಯದ ಒತ್ತನ್ನು ಸರಿಯಾದ ಜಾಗದಲ್ಲಿ ಇಡುವ ಲೈಬ್ರರಿಗೆ ಪಾರಸಿಯ ಹೆಸರು!

ಶಾಲೆಯ ಪತ್ರವು ಸರಿಯಾಗಿ ಕಂಡುದಕ್ಕೆ ಕಾರಣವು ಈಗ ಸ್ಪಷ್ಟ. ಪತ್ರವನ್ನು ತೋರಿಸಿದ ತಂತ್ರಾಂಶವು ವಿಂಡೋಸಿನ ಸ್ವಂತ ಲೈಬ್ರರಿಯನ್ನು ಕರೆಯಿತು. ನಮ್ಮ ವಿದ್ಯಾರ್ಥಿಗಳ ಪ್ರೋಗ್ರಾಮು ಅದನ್ನು ಕರೆಯಲಿಲ್ಲ. ಅದು ಪೈಥಾನ್ ಭಾಷೆಯದು. ಚಿತ್ರ ಬರೆಯಲು ಪಿಲ್ಲೋ ಎಂಬ ಲೈಬ್ರರಿಯನ್ನು ನಂಬಿತ್ತು. ಪಿಲ್ಲೋ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆಯಲು ಫ್ರೀಟೈಪನ್ನೂ, ಕೂಡಿಸಿ ಬರೆಯಲು ರಾಕ್ಮ್ ಎಂಬುದನ್ನೂ ನಂಬಿದೆ. ರಾಕ್ಮ್ ತಾನೇ ಹಾರ್ಫ್‌ಬಜನ್ನೂ ಫ್ರಿಬಿಡಿ ಎಂಬ ಇನ್ನೊಂದನ್ನೂ ನಂಬಿದೆ. ಫ್ರಿಬಿಡಿಯ ಕೆಲಸವೆಂದರೆ ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಓಡುವ ಬರಹವನ್ನು ಎಡದಿಂದ ಬಲಕ್ಕೆ ಓಡುವ ಬರಹದೊಡನೆ ಹೊಂದಿಸುವುದು. ಕನ್ನಡಕ್ಕೆ ಅದರಿಂದ ಆಗಬೇಕಾದುದು ಏನೂ ಇಲ್ಲ.

ಗಂಟು ಬಿಚ್ಚಿದುದು ಇಲ್ಲಿಯೇ. 2021ರಲ್ಲಿ ಬಂದ ಪಿಲ್ಲೋವಿನ 8.2 ಆವೃತ್ತಿಯಿಂದೀಚೆಗೆ ನಾವು ಇಳಿಸಿಕೊಳ್ಳುವ ಸಿದ್ಧ ಪ್ರತಿಯಲ್ಲಿ ರಾಕ್ಮ್ ಒಳಗೇ ಇರುತ್ತದೆ. ಫ್ರಿಬಿಡಿ ಮಾತ್ರ ಇರುವುದಿಲ್ಲ. ನಡೆಯುವ ಹೊತ್ತಿನಲ್ಲಿ ಯಂತ್ರದಲ್ಲಿ ಹುಡುಕಿ, ಸಿಕ್ಕಿದರೆ ಸೇರಿಸಿಕೊಳ್ಳುತ್ತದೆ. ಪುತ್ತೂರಿನ ನಮ್ಮ ಲಿನಕ್ಸ್ ಯಂತ್ರಗಳಲ್ಲಿ ಫ್ರಿಬಿಡಿ ಇತ್ತು. ನಾವಾರೂ ಬೇಕೆಂದು ಹಾಕಿದುದಲ್ಲ, ತೆರೆಯ ಮೇಲೆ ಬರಹ ತೋರಿಸುವ ಪ್ಯಾಂಗೋ ಎಂಬ ಲೈಬ್ರರಿಗೆ ಬೇಕಾಗಿ ಜತೆಯಲ್ಲಿ ಬಂದುದು. ಸುಳ್ಯದ ವಿಂಡೋಸ್ ಯಂತ್ರದಲ್ಲಿ ಅದಿರಲಿಲ್ಲ. ಅದಿಲ್ಲವೆಂದು ರಾಕ್ಮ್ ಕೆಲಸ ಬಿಟ್ಟಿತು. ರಾಕ್ಮ್ ಇಲ್ಲವೆಂದು ಹಾರ್ಫ್‌ಬಜನ್ನು ಕರೆಯುವವರಿಲ್ಲದಾಯಿತು. ಪಿಲ್ಲೋ ಒಂದು ಮಾತನ್ನೂ ಆಡದೆ ಬಿಡಿ ಅಕ್ಷರಗಳನ್ನು ಸಾಲಾಗಿ ಬರೆದುಬಿಟ್ಟಿತು. ಅರಬ್ಬಿಗೆ ಬೇಕಾದುದು ಇಲ್ಲದ್ದರಿಂದ ಸುಳ್ಯವು ಒಡೆಯಿತು. ‘ಸೈನ್ ಸಿಗಲಿಲ್ಲ’ ಎಂದು ಜಗಳವಾಡುವ ಲಿಂಕರನ್ನು ನಮ್ಮ ವಿದ್ಯಾರ್ಥಿಗಳು ಬೈಯುತ್ತಾರೆ. ಮೌನವಾಗಿ ಕೆಡಿಸುವ ಈ ಸೌಜನ್ಯಕ್ಕಿಂತ ಆ ಜಗಳವೇ ಲೇಸೆಂದು ಆ ದಿನ ನಮಗೆ ತೋರಿತು.

ಕಾರಣ ತಿಳಿದ ಮೇಲೆಯೂ ಪರಿಹಾರವು ಕೂಡಲೇ ಕೈಗೂಡಲಿಲ್ಲ, ತಪ್ಪು ನಮ್ಮದೇ. ಮುಂದಿನ ವಾರ ಹೋಗುವಾಗ ಹಳೆಯ ತಂತ್ರಾಂಶವೊಂದರ ಫೋಲ್ಡರಿನಲ್ಲಿ ಅದೇ ಹೆಸರಿನ ಡಿಎಲ್ಎಲ್ ಸಿಕ್ಕಿತೆಂದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದೆವು. ಪೈಥಾನ್ ಇರುವ ಫೋಲ್ಡರಿನಲ್ಲಿ ಅದನ್ನಿಟ್ಟು ನಡೆಸಿದರೆ ಹೆಸರು ಮೊದಲಿನಂತೆಯೇ ಒಡೆದಿತ್ತು. ಫೈಲು ಇದೆ, ಜಾಗ ಸರಿಯಾಗಿದೆ, ಹೆಸರೂ ಸರಿಯಾಗಿದೆ! ಅರ್ಧ ದಿನ ಕಳೆದ ಮೇಲೆ ಹೊಳೆಯಿತು: ಆ ಡಿಎಲ್ಎಲ್ 32 ಬಿಟ್ಟಿನ ಯಂತ್ರಭಾಷೆಯಲ್ಲಿತ್ತು, ಪೈಥಾನ್ 64 ಬಿಟ್ಟಿನದು. ಒಂದೇ ಪ್ರೋಗ್ರಾಮಿನೊಳಗೆ ಇವೆರಡೂ ಕೂಡಿ ಬಾಳಲಾರವು. 64 ಬಿಟ್ಟಿನ ಪ್ರತಿಯನ್ನು ಅಲ್ಲಿಟ್ಟ ಕೂಡಲೇ ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟದೆ ‘ಪುತ್ತೂರು’, ‘ಸುಳ್ಯ’ ಎರಡೂ ನೆಟ್ಟಗಾದುವು. ಹುಡುಗನು ಮೊದಲ ಸಾಲಿನಲ್ಲಿಯೇ ಒಂದು ಪರೀಕ್ಷೆಯನ್ನು ಸೇರಿಸಿದನು: ರಾಕ್ಮ್ ಇದೆಯೇ ಎಂದು ಪಿಲ್ಲೋವನ್ನೇ ಕೇಳುವುದು, ಇಲ್ಲವೆಂದರೆ ಚಿತ್ರ ಬರೆಯದೆ ನಿಂತು ಕಾರಣವನ್ನು ಕನ್ನಡದಲ್ಲಿ ಹೇಳುವುದು. ಆ ಸೂಚನೆಯನ್ನು ತೋರಿಸುವ ಕಿಟಕಿಯು ವಿಂಡೋಸಿನದಾದುದರಿಂದ ಅದರ ಒತ್ತುಗಳಿಗೆ ಭಯವಿರಲಿಲ್ಲ.

ಮ್ಯಾಕ್‌ನಲ್ಲಿಯೂ ಇಂಥದೇ ಬಲೆಯೊಂದಿದೆ. ಹೋಂಬ್ರೂ ಎಂಬ ಸಾಧನದಿಂದ ಫ್ರಿಬಿಡಿಯನ್ನು ತರಿಸಿದರೆ, ಇಂಟೆಲ್ ಸಂಸ್ಕಾರಕವುಳ್ಳ ಯಂತ್ರದಲ್ಲಿ ಅದು ಒಂದು ಫೋಲ್ಡರಿನಲ್ಲಿ ಕೂರುತ್ತದೆ, 2020ರ ಬಳಿಕ ಬಂದ ಆಪಲ್ ಸಂಸ್ಕಾರಕದ ಯಂತ್ರದಲ್ಲಿ ಬೇರೊಂದರಲ್ಲಿ. ಮೊದಲನೆಯ ಜಾಗವನ್ನು ವ್ಯವಸ್ಥೆಯು ತಾನಾಗಿ ಹುಡುಕುತ್ತದೆ, ಎರಡನೆಯದನ್ನು ಹುಡುಕುವುದಿಲ್ಲ. ಮನೆಯಲ್ಲಿದ್ದೂ ಇಲ್ಲವೆನಿಸುವುದೆಂದರೆ ಇದೇ.

ಸುಳ್ಯದಿಂದ ನಾವು ಕಡಬದ ಕಡೆಯ ಶಾಲೆಯೊಂದಕ್ಕೆ ಹೋದೆವು. ಅಲ್ಲಿಯೂ ವಿಂಡೋಸ್ ಯಂತ್ರವೇ. ಹುಡುಗನು ಪೆನ್‌ಡ್ರೈವನ್ನು ಸಿಕ್ಕಿಸಿ, ಡಿಎಲ್ಎಲ್ಲನ್ನು ಅದರ ಜಾಗದಲ್ಲಿಟ್ಟು ಪ್ರೋಗ್ರಾಮನ್ನು ನಡೆಸಿದನು. ಚಿತ್ರ ಬಂದಿತು. ಮಕ್ಕಳು ತಮ್ಮ ಊರಿನ ಹೆಸರನ್ನು ಮಾತ್ರ ನೋಡಿ ಸರಿಯಿದೆಯೆಂದು ತೃಪ್ತರಾದರು. ಕಡಬವೆಂಬ ಹೆಸರು ಸರಿಯಾಗಿ ಬಂದುದರಿಂದ ಏನೂ ಸಿದ್ಧವಾಗಲಿಲ್ಲವೆಂದು ಅವರಿಗೆ ಹೇಗೆ ಹೇಳುವುದು? ಅದೇ ತಾಲೂಕಿನ ಬೇರೊಂದು ಊರಿನ ಹೆಸರನ್ನು ಬರೆದು ನೋಡಿರೆಂದೆವು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೀಲಿಮಣೆಯ ಮುಂದೆ ಕುಳಿತು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತ, ಮೂರು ಒತ್ತುಗಳುಳ್ಳ ‘ಸುಬ್ರಹ್ಮಣ್ಯ’ವನ್ನು ಬರೆದಳು.